ಉಸಿರುತೂತು

ಬೆಳಿಗ್ಗೆ ಎದ್ದಾಗಿನಿಂದ ಅವನ ಕೈ ಅವನ ಮಾತು ಕೇಳುತ್ತಿರಲಿಲ್ಲ. ಲೋಟ ಹಿಡಿದರೆ ಜಾರಿತು. ಅಂಗಿಯ ಗುಂಡಿ ಹಾಕಹೋದರೆ ಒಂದು ಕಾಜಾ ಬಿಟ್ಟು ಇನ್ನೊಂದಕ್ಕೆ ಸೇರಿತು. ಹೆಂಡತಿ ಹೊಲಿಗೆ ಯಂತ್ರದ ಹಿಂದೆ ಕೂತು, ಇದನ್ನೆಲ್ಲ ನೋಡಿಯೂ ನೋಡದವಳ ಹಾಗೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ಈಗ ಕೊಟ್ಟಿಗೆಯಲ್ಲಿ, ಎರಡು ಮರದ ಅಡ್ಡಪಟ್ಟಿಗಳ ನಡುವೆ ನಿಲ್ಲಿಸಿದ ಕಡಸಿನ ಬೆನ್ನಿನ ಮೇಲೆ ಅದೇ ಕೈ ಇಟ್ಟು ನಿಂತಿದ್ದ. ಅವನು ಆಡಿದ ಮಾತಿಗಿಂತ ಆ ಕೈ ಸವರಿದ ದನದ ಬೆನ್ನುಗಳೇ ಹೆಚ್ಚು. ಅದಕ್ಕೇ ಈ ದನದ ರೋಗಗಳ ಸಂಶೋಧನಾ ಕೇಂದ್ರದಲ್ಲಿ ಎಲ್ಲರೂ ಅವನನ್ನು ಸವರಪ್ಪ ಅನ್ನುವುದು. ನಿಜವಾದ ಹೆಸರು ಸಂಬಳದ ದಿನ ಮಾತ್ರ ಯಾರದೋ ಬಾಯಲ್ಲಿ ಕೇಳಿಸುತ್ತಿತ್ತು. ಕೇಳಿದಾಗ ಅವನೇ ಒಂದು ಗಳಿಗೆ ಹಿಂದೆ ತಿರುಗಿ ನೋಡುತ್ತಿದ್ದ, ಯಾರನ್ನು ಕರೆದರು ಅಂತ. ಇವತ್ತು ಆ ಕೈಗೆ ತೊಗಲು ಸಿಕ್ಕಿತು, ತೊಗಲಿನ ಕೆಳಗೆ ಹುಳು ಕೂತ ಗಂಟುಗಳು ಸಿಕ್ಕವು, ಆದರೆ ಸುದ್ದಿ ಮನಸ್ಸಿಗೆ ಮುಟ್ಟಲಿಲ್ಲ. ಮನಸ್ಸು ಬೇಲಿಯಾಚೆಯ ಹೆದ್ದಾರಿಯಲ್ಲಿತ್ತು. ಮಧ್ಯಾಹ್ನದ ಬಸ್ಸು ಅಲ್ಲಿನ ಹೋಟೆಲ್ಲಿನ ಮುಂದೆ, ಜನ ಉಂಡು ಕೈ ತೊಳೆಯುವಷ್ಟು ಹೊತ್ತು ನಿಲ್ಲುತ್ತದೆ. ಆ ಬಸ್ಸಿನಲ್ಲಿ ಕೂಸು ಇರುತ್ತಾಳೆ.

ಕೂಸು ಅಂದರೆ ಈಗ ಕೂಸಲ್ಲ. ನರ್ಸ್ ಕೆಲಸ ಸಿಕ್ಕಿ ದೂರದ ಆಸ್ಪತ್ರೆಗೆ ಹೊರಟವಳು, ಹೆಂಡತಿಯ ತಂಗಿಯ ಮಗಳು. ಹೆರಿಗೆಯಾದ ಮೇಲೆ ನಾದಿನಿ ಹಾಸಿಗೆ ಹಿಡಿದಾಗ, ಇನ್ನೂ ಕತ್ತು ನಿಲ್ಲದ ಮಗುವನ್ನು ಬಟ್ಟೆಯಲ್ಲಿ ಸುತ್ತಿ ತಂದು ಇವರ ಮನೆಯಲ್ಲಿ ಬಿಟ್ಟಿದ್ದರು, ತಾಯಿ ಎದ್ದು ಓಡಾಡುವ ತನಕ ಅಂತ. ತಾಯಿ ಎದ್ದು ಓಡಾಡುವ ಹೊತ್ತಿಗೆ ಮಗುವೇ ಈ ಕೊಟ್ಟಿಗೆಯ ತುಂಬ ಓಡಾಡುತ್ತಿತ್ತು. ಹಸುವಿನ ಬಾಲ ಹಿಡಿದು ಮೊದಲ ಹೆಜ್ಜೆ ಇಟ್ಟಿದ್ದು ಇಲ್ಲೇ, ಈ ಕಲ್ಲುಹಾಸಿನ ಮೇಲೆ. ಅವನ ಹೆಂಡತಿಯನ್ನು ಅಮ್ಮ ಅಂದಿತು, ಅವನನ್ನು ಅಪ್ಪ ಅಂದಿತು. ಯಾರೂ ಹೇಳಿಕೊಟ್ಟಿರಲಿಲ್ಲ. ಹಾಗೆ ಅನ್ನಬೇಡ ಅಂತ ಹೇಳಿಕೊಡುವುದಕ್ಕೂ ಯಾರಿಗೂ ಬಾಯಿ ಬರಲಿಲ್ಲ. ಆಮೇಲೆ, ಹಲ್ಲು ಬೀಳುವ ವಯಸ್ಸಿಗೆ, ಅವಳನ್ನು ಅವಳ ಮನೆಗೆ ಕರೆದುಕೊಂಡು ಹೋದರು. ಅದು ನ್ಯಾಯವೇ, ಅವರ ಮಗು ಅವರಿಗೆ. ಮುಂದೆ ಯಾರದೋ ಮದುವೆಯಲ್ಲಿ ಸಿಕ್ಕಾಗ ಹುಡುಗಿ ತಾಯಿಯ ಹಿಂದೆ ನಿಂತು, ಪಾಠ ಒಪ್ಪಿಸಿದ ಹಾಗೆ, "ದೊಡ್ಡಪ್ಪಾ, ಚೆನ್ನಾಗಿದೀರಾ?" ಅಂದಿತ್ತು. ಅವನು ಹಿಂದೆ ತಿರುಗಿ ನೋಡಿದ್ದ.

ಮೂರು ದಿನದ ಹಿಂದೆ ನಾದಿನಿಯ ಫೋನು ಬಂದಿತ್ತು. ಹೆಂಡತಿ ಮಾತಾಡಿ ಮುಗಿಸಿ, ಯಂತ್ರದ ಮುಂದೆ ಹೋಗಿ ಕೂತು, ಎರಡು ಗೆರೆ ಹೊಲಿಗೆ ಹಾಕಿದ ಮೇಲೆ ಹೇಳಿದಳು.

"ಕೂಸು ಈ ದಾರೀಲೇ ಹೋಗ್ತಾಳಂತೆ. ಬಸ್ಸು ಊಟಕ್ಕೆ ನಿಲ್ಲುತ್ತಲ್ಲ. ಬೇಕಾದ್ರೆ ಬಂದು ನೋಡ್ಲಿ ಅಂದ್ಳಂತೆ."

"ಯಾರು ಅಂದಿದ್ದು? ಕೂಸಾ, ಅವಳಮ್ಮನಾ?"

"ಯಾರಂದ್ರೇನು?"

"ನೀನೂ ಬರ್ತೀಯಲ್ಲ?"

"ನಂಗೆ ಹೊಲಿಗೆ ಇದೆ."

"ಅರ್ಧ ಗಂಟೆ ಅಷ್ಟೇ. ಹೊಲಿಗೆ ಓಡಿಹೋಗುತ್ತಾ?"

"ರೀ, ಬಸ್ಸಿನ ಕಿಟಕಿ ಕೆಳಗೆ ನಿಂತ್ಕೊಂಡು ಹಲ್ಲು ಬಿಡೋಕೆ ನನ್ನ ಕೈಲಾಗಲ್ಲ. ನೀವು ಹೋಗಿ. ನಿಮಗೆ ಅದೆಲ್ಲ ಚೆನ್ನಾಗಿ ಬರುತ್ತೆ."

ಆಮೇಲೆ ಆ ಮಾತು ಮನೆಯಲ್ಲಿ ಎದ್ದಿರಲಿಲ್ಲ. ರಾತ್ರಿ ಉಣ್ಣುವಾಗ ಅವನು ಎರಡು ಸಲ ಬಾಯಿ ತೆರೆದು ಎರಡು ಸಲವೂ ನೀರು ಕುಡಿದಿದ್ದ. ಇವಳು ನಮ್ಮ ಯಜಮಾನಿ ಹಾಗೆ ಆಗಿಬಿಟ್ಟಿದ್ದಾಳೆ ಅಂದುಕೊಂಡಿದ್ದ. ಯಜಮಾನಿ ಅಂದರೆ ಕೊಟ್ಟಿಗೆಯ ಮೂಲೆಯಲ್ಲಿ ಕಟ್ಟಿದ್ದ ಮುದಿ ಹಸು. ಎಷ್ಟೋ ವರ್ಷದಿಂದ ಅದರ ಬೆನ್ನಿನಲ್ಲಿ ಒಂದು ಗಂಟೂ ಎದ್ದಿಲ್ಲ. ಅದರ ಬೆನ್ನು ಸವರಿದರೆ ಒರೆಸಿಟ್ಟ ಮೇಜು ಸವರಿದ ಹಾಗೆ, ಕೈಗೆ ಹೇಳುವಂಥದ್ದೇನೂ ಇರಲಿಲ್ಲ. ಯಾಕೆ ಹಾಗೆ ಅಂತ ಅವನು ಒಮ್ಮೆ ಡಾಕ್ಟರಮ್ಮನನ್ನು ಕೇಳಿದ್ದ. ಡಾಕ್ಟರಮ್ಮ ಕೇಳಿದ್ದಕ್ಕೆಲ್ಲ ಕೂತು ಹೇಳುವವರು. ಮಗುಚಿ ಹಾಕಿದ ಬಕೆಟ್ಟಿನ ಮೇಲೆ ಕೂತು ಹೇಳಿದ್ದರು.

"ಈ ಹುಳು ಇದೆಯಲ್ಲ ಸವರಪ್ಪನವರೇ, ಮಹಾ ಕಿಲಾಡಿ. ಬೇಸಿಗೇಲಿ ನೊಣ ಬಂದು ಕಾಲಿನ ಕೂದಲಿಗೆ ಮೊಟ್ಟೆ ಅಂಟಿಸಿ ಹೋಗುತ್ತೆ. ಮರಿ ಚರ್ಮ ಕೊರೆದು ಒಳಗೆ ಇಳಿಯುತ್ತೆ. ರಕ್ತದಲ್ಲಿ ಕಾವಲುಗಾರರು ಇರ್ತಾರಲ್ಲ, ಹೊರಗಿನವರು ನುಗ್ಗಿದ್ರೆ ಹೊಡೆದು ಅಟ್ಟೋರು, ಅವರ ಮೇಲೆ ಇದು ಒಂದು ರಸ ಬಿಡುತ್ತೆ. ಅವರೆಲ್ಲ ತೂಕಡಿಸ್ತಾರೆ. ಇದು ಆರಾಮಾಗಿ ಮಾಂಸದೊಳಗೇ ದಾರಿ ಮಾಡ್ಕೊಂಡು, ಬೆನ್ನುಮೂಳೆ ಹತ್ರ ಚಳಿಗಾಲ ಕಳೆದು, ಬೆನ್ನಿನ ಮೇಲಕ್ಕೆ ಬಂದು, ಒಂದು ತೂತು ತೆಗೆದು ಉಸಿರಾಡ್ತಾ ಕೂತ್ಕೊಳ್ಳುತ್ತೆ."

"ದನಕ್ಕೆ ಗೊತ್ತೇ ಆಗಲ್ವಾ ಅಮ್ಮ?"

"ಮೊದಲನೇ ವರ್ಷ ಗೊತ್ತಾಗಲ್ಲ. ತನ್ನದೇ ಮೈ ಅಂದ್ಕೊಂಡಿರುತ್ತೆ. ವರ್ಷವರ್ಷ ಹೀಗೇ ಆಗ್ತಾ ಆಗ್ತಾ ಮೈ ಕಲಿಯುತ್ತೆ. ಆಮೇಲೆ ಹುಳು ಒಳಗೆ ಬಂದ ಕೂಡ್ಲೇ ಗುರುತು ಹಿಡಿದು ಅಲ್ಲೇ ಮುಗಿಸುತ್ತೆ. ಯಜಮಾನಿ ಅಷ್ಟು ಕಲಿತಿದಾಳೆ."

ಆ ಕಲಿಕೆಯನ್ನು ಕಡಸುಗಳಿಗೆ ಮೊದಲೇ ಕಲಿಸುವುದು ಡಾಕ್ಟರಮ್ಮನ ಕೆಲಸ. ಹುಳುವಿನ ರಸವನ್ನೇ ತೊಟ್ಟುತೊಟ್ಟಾಗಿ ಚುಚ್ಚಿ ಮೈಗೆ ಪರಿಚಯ ಮಾಡಿಸುವುದು. ಅದಕ್ಕೆ ಅವರಿಗೆ ಹುಳು ಇಡಿಯಾಗಿ ಬೇಕು, ಜೀವಂತ ಬೇಕು. "ಒಡೀಬಾರದು," ಅಂದಿದ್ದರು, ಬೆರಳೆತ್ತಿ. "ಒಳಗೇ ಒಡೆದ್ರೆ ಆ ರಸವೆಲ್ಲ ಒಂದೇ ಸಲ ಮೈಗೆ ಇಳಿಯುತ್ತೆ. ಕಾವಲುಗಾರರು ಗಾಬರಿಬಿದ್ದು ಎದ್ದು ಕೈಗೆ ಸಿಕ್ಕಿದ್ದನ್ನೆಲ್ಲ ಹೊಡೀತಾರೆ. ಆಗ ಕೊಲ್ಲೋದು ಹುಳು ಅಲ್ಲ. ಮೈಯೇ ಮೈಯನ್ನ ಕೊಲ್ಲುತ್ತೆ." ಅವತ್ತು ಮನೆಗೆ ಹೋಗಿ ಇಷ್ಟನ್ನೂ ಹೆಂಡತಿಗೆ ಹೇಳಿದ್ದ. ಅವಳು ಹಲ್ಲಿನಲ್ಲಿ ದಾರ ಕಡಿದು, "ಪಾಪ, ಅದಕ್ಕೂ ಇರೋಕೆ ಒಂದು ಮನೆ ಬೇಕಲ್ಲ," ಅಂದಿದ್ದಳು. ಯಾವುದಕ್ಕೆ ಅಂತ ಕೇಳಿದರೆ, "ಹುಳಕ್ಕೆ," ಅಂದಿದ್ದಳು. ಅವನಿಗೆ ಆ ಮಾತು ಅರ್ಥವಾಗಿಯೂ ಆಗದ ಹಾಗೆ ಎಲ್ಲೋ ಕೂತುಬಿಟ್ಟಿತ್ತು.

"ಏನ್ ಸವರಪ್ಪ, ಇವತ್ತು ಇಸ್ತ್ರಿ ಅಂಗಿ!" ಮೇವಿನ ಗಾಡಿ ತಳ್ಳಿಕೊಂಡು ಬಂದ ಮೇವಿನಕ್ಕ ಬಾಗಿಲಲ್ಲೇ ನಿಂತಳು. "ನಮ್ಮ ಪುಕ್ಕಲಿಗೆ ಗಂಡು ಬಂದ ಹಾಗಿದೆ."

ಪುಕ್ಕಲಿ ಅಂದರೆ ಈ ಕಡಸು. ತನ್ನ ನೆರಳಿಗೆ ತಾನೇ ಬೆಚ್ಚುವಂಥದ್ದು.

"ಸುಮ್ನಿರಕ್ಕ. ಎದೆ ಡವಗುಟ್ಟಿದ್ರೆ ಇದು ನಿಲ್ಲಲ್ಲ."

"ಯಾರ ಎದೆ, ನಿಂದಾ ಅದರದ್ದಾ?" ಅವಳು ನಗುತ್ತ ಮೇವು ಎಳೆದು ಹಾಕಿದಳು. "ಮಧ್ಯಾಹ್ನ ಎಲ್ಲಿಗೋ ಹೊರಟಿದೀಯ ಅಂತ ಆಫೀಸಿನಲ್ಲಿ ಹೇಳ್ತಿದ್ರು."

ಆಫೀಸಿನಲ್ಲಿ. ನಿನ್ನೆ ರಜೆ ಕೇಳಲು ಹೋಗಿದ್ದ. ಗುಮಾಸ್ತ ತಲೆ ಎತ್ತದೆ ಯಾಕೆ ಅಂದ. ಯಾಕೆ ಅನ್ನುವುದಕ್ಕೆ ದಾರಿಯುದ್ದಕ್ಕೂ ಉತ್ತರ ಜೋಡಿಸಿಕೊಂಡು ಬಂದಿದ್ದ, ಹೆಂಡತಿ ಕಡೆಯ ನೆಂಟರು ಬರುತ್ತಾರೆ ಅಂತ. ಬಾಯಿಂದ ಬಂದದ್ದು ಬೇರೆ. "ಮಗಳು ಬರ್ತಾಳೆ." ಗುಮಾಸ್ತ ತಲೆ ಎತ್ತಿ, "ಈ ವಯಸ್ಸಲ್ಲಿ ಎಲ್ಲಿಂದ ತಂದ್ರಿ ಮಗಳನ್ನ?" ಅಂದಾಗ ಕೋಣೆಯಲ್ಲಿದ್ದವರೆಲ್ಲ ನಕ್ಕರು. ಅವರು ನಕ್ಕದ್ದು ಅವನನ್ನು ಅಷ್ಟು ಚುಚ್ಚಲಿಲ್ಲ. ಅವರ ಜೊತೆ ತಾನೂ ನಕ್ಕೆನಲ್ಲ, ಬಾಯಿ ಅಗಲ ಮಾಡಿಕೊಂಡು, ಒಳ್ಳೆಯ ತಮಾಷೆ ಅನ್ನುವ ಹಾಗೆ, ಅದು ರಾತ್ರಿಯೆಲ್ಲ ಹಾಸಿಗೆಯಲ್ಲಿ ಮಗ್ಗುಲಿಗೆ ಬಂದು ಮಲಗಿತ್ತು. ರಜೆ ತೆಗೆದುಕೊಳ್ಳದೆ ಹಾಗೇ ಬಂದಿದ್ದ. ಈಗ ಊಟದ ಹೊತ್ತಿನೊಳಗೆ ಪುಕ್ಕಲಿಯ ಹುಳುಗಳನ್ನೆಲ್ಲ ತೆಗೆದು, ಕೈ ತೊಳೆದು, ಬೇಲಿಯ ಕಿಂಡಿಯಿಂದ ನುಸುಳಿ ಹೋಗಬೇಕು.

ಅವನು ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ ಗಂಟಿನ ಮೇಲಿಟ್ಟ. ಮೇಲಿನ ಹಕ್ಕಳೆ ನೆನೆಯಬೇಕು. ನೆನೆದಾಗ ನಡುವೆ ಒಂದು ಸಣ್ಣ ತೂತು ಕಾಣುತ್ತದೆ, ಸೂಜಿಯ ಕಣ್ಣಿಗಿಂತ ದೊಡ್ಡದು, ಗುಂಡಿಯ ಕಣ್ಣಿಗಿಂತ ಚಿಕ್ಕದು. ಹುಳು ಉಸಿರಿಗಾಗಿ ಅಲ್ಲಿಗೆ ಬರುತ್ತದೆ. ಬರುವ ತನಕ ಕಾಯಬೇಕು. ಬಂದಾಗ ಎರಡು ಹೆಬ್ಬೆರಳನ್ನು ಆಚೆಗೊಂದು ಈಚೆಗೊಂದು, ಗಂಟಿನ ಬುಡಕ್ಕೂ ಕೆಳಗೆ ಇಟ್ಟು ಮೆಲ್ಲಗೆ ಎತ್ತಿ ಕೊಡಬೇಕು. ಹೊಸದಾಗಿ ಕೆಲಸಕ್ಕೆ ಬಂದವರಿಗೆ ಅವನು ಹೇಳುತ್ತಿದ್ದುದು ಇಷ್ಟೇ: ಕರೀಬೇಕು, ಎಳೀಬಾರದು. ಮೊದಲನೆಯದು ಬಂತು, ಮೊಳೆಯುವ ಬೀಜದ ಹಾಗೆ ತಲೆ ಹಾಕಿ ನೋಡಿ, ಜಾರಿ ಅಂಗೈಗೆ ಬಿತ್ತು. ಬೆಚ್ಚಗಿತ್ತು. ಬಾಟಲಿಗೆ ಬಿಟ್ಟ. ಎರಡನೆಯದೂ ಬಂತು, ಮೂರನೆಯದೂ. ಪುಕ್ಕಲಿ ಬಾಲ ಬೀಸಿತು ಅಷ್ಟೇ.

ಬೆಚ್ಚಗೆ. ಕೂಸಿನ ಉಸಿರು ಅವನ ಕತ್ತಿಗೆ ಬೆಚ್ಚಗೆ ತಾಗುತ್ತಿತ್ತು ಅವತ್ತು. ನಾದಿನಿ ಕಾರು ಮಾಡಿಕೊಂಡು ಬಂದಿದ್ದಳು. "ಎಚ್ಚರ ಇದ್ರೆ ರಂಪ ಮಾಡ್ತಾಳೆ ಭಾವ, ಮಲಗಿದ್ದಾಗಲೇ ಕರ್ಕೊಂಡು ಹೋಗ್ಬಿಡೋಣ," ಅಂದಿದ್ದಳು. ಅವಳೂ ಅಳುತ್ತಲೇ ಅಂದಿದ್ದಳು, ಸುಳ್ಳು ಹೇಳಬಾರದು. ಅವನೇ ಚಾಪೆಯಿಂದ ಎತ್ತಿ ಹೆಗಲಿಗೆ ಹಾಕಿಕೊಂಡಿದ್ದ. ಗಲ್ಲದ ಕೆಳಗೆ ಪುಟ್ಟ ಮುಷ್ಟಿ ಇಟ್ಟು ಮಲಗುವುದು ಅವಳ ಅಭ್ಯಾಸ. ಆ ಮುಷ್ಟಿಯ ಗಿಣ್ಣು ಹೆಗಲಿಗೆ ಒತ್ತುತ್ತಿತ್ತು. ಬಾಗಿಲಿನಿಂದ ಕಾರಿಗೆ ಎಷ್ಟು ದೂರ? ಅಷ್ಟು ದೂರವನ್ನು ಅವನು ಆಮೇಲೆ ಎಷ್ಟು ವರ್ಷ ನಡೆದ. ಒಳಗೆ ಹೆಂಡತಿ ಯಂತ್ರ ತುಳಿಯುತ್ತಿದ್ದಳು. ಕಾರು ಹೋದ ಮೇಲೆ ಒಳಗೆ ಬಂದು ನೋಡಿದರೆ ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ. ಬರೀ ಯಂತ್ರ ಓಡುತ್ತಿತ್ತು. ಅವನ ಅಂಗಿಯ ಹೆಗಲಿನ ಮೇಲೆ ಜೊಲ್ಲಿನ ಒದ್ದೆ, ನೋಡನೋಡುತ್ತ ಒಣಗಿತು. ಕೂಸು ದಾರಿಯಲ್ಲಿ ಎಲ್ಲಿ ಎದ್ದಳು, ಎದ್ದು ಯಾರನ್ನು ಕೂಗಿದಳು, ಯಾರೂ ಅವನಿಗೆ ಹೇಳಲಿಲ್ಲ, ಅವನೂ ಕೇಳಲಿಲ್ಲ. ಆ ರಸ್ತೆಯಲ್ಲಿ ಹೋಗುವಾಗೆಲ್ಲ ಒಂದೊಂದು ತಿರುವಿನಲ್ಲೂ ಇಲ್ಲಿರಬಹುದು, ಇಲ್ಲಿರಬಹುದು ಅನ್ನಿಸುತ್ತಿತ್ತು. ಇವತ್ತು ನೋಡಿದ ಕೂಡಲೇ ಏನಂತ ಕರೆಯುತ್ತಾಳೆ? ಊರೆಲ್ಲ ಸವರಪ್ಪ ಅನ್ನಲಿ. ಅವಳ ಬಾಯಿಂದ ಒಂದು ಸಲ, ಮರೆತಾದರೂ, ಹಳೆಯ ಅಭ್ಯಾಸಕ್ಕಾದರೂ. ಅದಕ್ಕಾಗಿಯೇ ಅವನು ಅಂಗಿಗೆ ಇಸ್ತ್ರಿ ಹಾಕಿದ್ದು.

ಹೆದ್ದಾರಿಯಲ್ಲಿ ಹಾರನ್ನು ಕೇಳಿಸಿತು. ಬಸ್ಸಿನದೋ ಲಾರಿಯದೋ. ಹೆಬ್ಬೆರಳುಗಳು ನಾಲ್ಕನೆಯ ಗಂಟಿನ ಮೇಲಿದ್ದವು. ಅದಿನ್ನೂ ಮಾಗಿರಲಿಲ್ಲ, ಆಳದಲ್ಲಿತ್ತು, ತೂತು ಬಿಗಿಯಾಗಿತ್ತು. ಬೇರೆ ದಿನವಾಗಿದ್ದರೆ ಬಟ್ಟೆಯನ್ನೂ ಇಡದೆ, ಇನ್ನೊಂದು ವಾರ ಇರಲಿ ಅಂತ ಬಿಟ್ಟುಬಿಡುತ್ತಿದ್ದ. ಇವತ್ತು ಎಲ್ಲ ಮುಗಿಸಿ ಹೋಗಬೇಕು ಅನ್ನುವುದು ತಲೆಯಲ್ಲಿತ್ತು. ಒತ್ತಿದ. ಬರಲಿಲ್ಲ. ಮತ್ತೆ ಒತ್ತಿದ. ಕೆಳಗೆ ಏನೋ ಪಟ್ಟನೆ ಸಡಿಲವಾಯಿತು, ಹಣ್ಣಾದ ದ್ರಾಕ್ಷಿ ಸಿಪ್ಪೆ ಬಿರಿದ ಹಾಗೆ. ತೂತಿನಲ್ಲಿ ಬಿಳಿ ನೀರು ಕಾಣಿಸಿತು. ಹುಳು ಬರಲಿಲ್ಲ.

ಪುಕ್ಕಲಿ ಸುಮ್ಮನೆ ನಿಂತಿತ್ತು. ಮೇವಿನಕ್ಕ ಬೆನ್ನು ತಿರುಗಿಸಿ ಕಸ ಗುಡಿಸುತ್ತಿದ್ದಳು. ಅವನು ಐದನೆಯ ಗಂಟನ್ನು ಮುಟ್ಟದೆ ಬಟ್ಟೆಯಿಂದ ಬೆನ್ನು ಒರೆಸಿದ. ಏನೂ ಆಗುವುದಿಲ್ಲ, ಎಷ್ಟೋ ಸಲ ಏನೂ ಆಗುವುದಿಲ್ಲವಂತೆ. ನಲ್ಲಿಗೆ ಹೋಗಿ ಕೈ ತೊಳೆದ, ಸೋಪು ಹಾಕಿ ಮತ್ತೆ ತೊಳೆದ, ಮೂಸಿ ನೋಡಿದ. ತಲೆಗೂದಲು ನೀವಿಕೊಂಡ. ಬಾಗಿಲ ತನಕ ಬಂದ. ಪುಕ್ಕಲಿಗೆ ಒಂದು ಅಭ್ಯಾಸವಿತ್ತು: ಅವನು ಹೊರಗೆ ಹೊರಟರೆ ಒಮ್ಮೆ ಮೂಗಿನಲ್ಲಿ ಜೋರಾಗಿ ಗಾಳಿ ಬಿಡುವುದು, ಬೇಜಾರಾದವರ ಹಾಗೆ. ಅವನು ಹೊಸ್ತಿಲಲ್ಲಿ ನಿಂತು ಅದಕ್ಕಾಗಿ ಕಾದ. ಆ ಸದ್ದು ಬರಲಿಲ್ಲ. ಬಿಸಿಲಿನಲ್ಲಿ ಬೇಲಿಯ ಕಿಂಡಿ ಕಾಣುತ್ತಿತ್ತು, ಅದರಾಚೆ ಹೋಟೆಲ್ಲಿನ ಹೊಗೆ. ತಿರುಗಿ ನೋಡಬಾರದು ಅಂದುಕೊಂಡೇ ತಿರುಗಿದ.

ಕಡಸಿನ ಕಣ್ಣುರೆಪ್ಪೆಗಳು ಊದಿ ಕಣ್ಣು ಮುಚ್ಚಿಹೋಗುತ್ತಿದ್ದವು. ಕತ್ತಿನ ಮೇಲೆ ದದ್ದು ಎದ್ದಿತ್ತು. ಬಾಯಿಂದ ಜೊಲ್ಲು ಎಳೆಎಳೆಯಾಗಿ ನೆಲಕ್ಕೆ ಇಳಿಯುತ್ತಿತ್ತು. ಮುಂಗಾಲು ಮಡಚಿತು.

"ಅಕ್ಕಾ! ಡಾಕ್ಟರಮ್ಮನ್ನ ಕರಿ! ಒಡೀತು ಅನ್ನು, ಅಷ್ಟಂದ್ರೆ ಸಾಕು!"

ಡಾಕ್ಟರಮ್ಮ ಸೂಜಿ ಹಿಡಿದು ಓಡಿ ಬಂದರು, ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿ ಇತ್ತು. ಕತ್ತಿಗೆ ಚುಚ್ಚಿದರು. "ತಲೆ ಎತ್ತಿ ಹಿಡೀರಿ. ಗಂಟಲು ಊದ್ತಿದೆ. ಕೆಳಗೆ ಬಿಟ್ರೆ ಉಸಿರು ಕಟ್ಟುತ್ತೆ. ಎಷ್ಟು ಹೊತ್ತಾದ್ರೂ ಬಿಡಬೇಡಿ." ಅವನು ಕಲ್ಲುಹಾಸಿನ ಮೇಲೆ ಕೂತು ಆ ಭಾರದ ತಲೆಯನ್ನು ಹೆಗಲಿಗೆ ಹಾಕಿಕೊಂಡ. ಒಂದೊಂದು ಉಸಿರೂ ಒಣಗಿದ ಬಾವಿಯಿಂದ ಸೇದಿದ ಹಾಗೆ ಬರುತ್ತಿತ್ತು.

"ನಾನು ಹಿಡ್ಕೋತೀನಿ, ನೀನು ಹೋಗಿ ಬಾ," ಅಂದಳು ಮೇವಿನಕ್ಕ ಮೆಲ್ಲಗೆ.

"ನಿನ್ನ ಹೆಗಲು ಇದಕ್ಕೆ ಹೊಸದು. ಹೆದರುತ್ತೆ."

ಬಸ್ಸು ಬಂದದ್ದು ಕೇಳಿಸಿತು. ಅದರ ಬ್ರೇಕಿನ ಸದ್ದು ಅವನಿಗೆ ಗೊತ್ತು. ಆಮೇಲೆ ಒಂದು ದೊಡ್ಡ ಮೌನ, ಅದರೊಳಗೆ ಜನ ಇಳಿಯುತ್ತಿರಬೇಕು, ಒಬ್ಬಳು ಮೆಟ್ಟಿಲ ಮೇಲೆ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದು ಆಚೀಚೆ ನೋಡುತ್ತಿರಬೇಕು. ಜೊಲ್ಲು ಇಸ್ತ್ರಿಯ ಅಂಗಿಯನ್ನು ನೆನೆಸಿ ಬೆನ್ನಿಗೆ ಇಳಿಯಿತು. ಎಲ್ಲರೂ ಬರುತ್ತಾರೆ, ಇವನ ಹೆಗಲ ಮೇಲೆ ಮಲಗುತ್ತಾರೆ. ಅವನು ಕಡಸಿನ ಕಿವಿಯ ಬುಡ ಸವರುತ್ತ, ಬಾ, ಬಾ, ಬಾ, ಅನ್ನುತ್ತಿದ್ದ. ಯಾರನ್ನು ಅಂತ ಅವನಿಗೂ ತಿಳಿಯಲಿಲ್ಲ. ಹಾರನ್ನು ಆಯಿತು. ಮತ್ತೆ ಒಂದು ಸಲ, ಉದ್ದಕ್ಕೆ. ಬಸ್ಸು ಏರಿಗೆ ಗೇರು ಬದಲಿಸಿದ ಸದ್ದು, ಆಮೇಲೆ ಅದೂ ಇಲ್ಲ.

"ಬದುಕ್ಕೊಂಡ್ಳು," ಅಂದರು ಡಾಕ್ಟರಮ್ಮ ಎಷ್ಟೋ ಹೊತ್ತಿನ ಮೇಲೆ, ಕೊಳವೆ ಕಿವಿಯಿಂದ ತೆಗೆದು. ಅವನ ಮುಖ ನೋಡಿದರು. "ಅವಸರ ಮಾಡಿದ್ರಾ?"

"ಹೂಂ ಅಮ್ಮ."

"ಎಲ್ಲಾದ್ರೂ ಹೋಗೋದಿತ್ತಾ?"

"ಇಲ್ಲ ಅಮ್ಮ."

ಬಿಸಿಲು ಕೊಟ್ಟಿಗೆಯ ಒಳಗೆ ಅಡ್ಡಲಾಗಿ ಬೀಳುವ ಹೊತ್ತಿಗೆ ಬಾಗಿಲಲ್ಲಿ ನೆರಳು ಕಾಣಿಸಿತು. ಹೆಂಡತಿ. ಕೂಸು ಹೋದ ಮೇಲೆ ಈ ಹೊಸ್ತಿಲನ್ನು ಅವಳು ತುಳಿದವಳಲ್ಲ. ಹೊರಗೆ ಹೋಗುವಾಗ ಹಾಕುವ ಚಪ್ಪಲಿ ಕಾಲಲ್ಲಿತ್ತು. ಕಣ್ಣುರೆಪ್ಪೆಗಳು ಊದಿ ಕಣ್ಣು ಸಣ್ಣಗಾಗಿದ್ದವು. ಅವನು ಅವಳ ಮುಖ ನೋಡಿದ, ಕಡಸಿನ ಮುಖ ನೋಡಿದ, ಯಜಮಾನಿಯನ್ನು ಕಟ್ಟಿದ್ದ ಮೂಲೆಯ ಕಡೆಗೆ ಮಾತ್ರ ನೋಡಲಾಗಲಿಲ್ಲ.

"ಬರಲೇ ಇಲ್ಲ ನೀವು," ಅಂದಳು.

"ಇದಕ್ಕೆ ಹೀಗಾಯ್ತು." ಅವಳ ಚಪ್ಪಲಿ ನೋಡಿ, "ನೀನು ಹೋಗಿದ್ಯಾ?"

"ಹೊಲಿಗೆ ಮುಗೀತು. ಹೋದೆ."

"ಏನಂದ್ಳು?"

"ಮಲಗಿದ್ಳು."

"ಬಸ್ಸಲ್ಲಾ?"

"ಎಲ್ರೂ ಊಟಕ್ಕೆ ಇಳಿದಿದ್ರು. ಇವಳೊಬ್ಳೇ ಕಿಟಕಿಗೆ ಒರಗಿಕೊಂಡು. ಯಾವ ಹೊತ್ತಿಗೆ ಹೊರಟಿದ್ಳೋ ಏನೋ, ಮೈಮೇಲೆ ಜ್ಞಾನ ಇರಲಿಲ್ಲ." ಅವಳು ತನ್ನ ಮುಷ್ಟಿಯನ್ನು ಗಲ್ಲದ ಕೆಳಗೆ ಇಟ್ಟು ತೋರಿಸಿದಳು. "ಹೀಗೆ. ಇನ್ನೂ ಹೀಗೇ."

"ಎಬ್ಬಿಸಲಿಲ್ವಾ?"

ಅವಳು ಅಡ್ಡಪಟ್ಟಿಯ ಮೇಲಿನ ಒಂದು ಸೀಳನ್ನು ಉಗುರಿನಿಂದ ಕೆರೆದಳು. "ಕೈ ಎತ್ತಿದೆ. ಎಬ್ಬಿಸಿದ್ರೆ ದೊಡ್ಡಮ್ಮ ಅಂತಿದ್ಳು ರೀ." ಆಮೇಲೆ, "ಪಕ್ಕದ ಸೀಟಲ್ಲಿ ಕೂತಿದ್ದೆ, ಜನ ಹತ್ತೋ ತನಕ. ಚೀಲ ತೊಡೆ ಮೇಲಿಟ್ಟು ಇಳಿದೆ. ಎದ್ದಾಗ ನೋಡ್ತಾಳೆ."

"ಯಾವ ಚೀಲ?"

"ಚಳಿಗೆ ಒಂದು ಕೋಟು. ಅಳತೆ ಯಾರನ್ನ ಕೇಳ್ಲಿ? ಅಂದಾಜಿಗೆ ಹೊಲಿದೆ." ಅವಳ ತುಟಿ ಒಂದು ಕಡೆಗೆ ಎಳೆಯಿತು. "ತೋಳು ಗಿಡ್ಡ ಆಗುತ್ತೆ. ಬೆಳೆದುಬಿಟ್ಟಿದಾಳೆ."

ವಾರದಿಂದ ಯಂತ್ರದ ಮೇಲೆ ಕಾಣುತ್ತಿದ್ದ ದಪ್ಪ ನೀಲಿ ಬಟ್ಟೆ ಅವನಿಗೆ ನೆನಪಾಯಿತು. ಫೋನು ಬಂದು ಮೂರೇ ದಿನ. ಬಟ್ಟೆ ಅದಕ್ಕೂ ಮೊದಲೇ ಅಲ್ಲಿತ್ತು. ಯಾರದು ಅಂತ ಒಂದು ಸಲವೂ ಕೇಳಿರಲಿಲ್ಲ.

ಅವಳು ಹತ್ತಿರ ಬಂದು ಕಡಸಿನ ಬೆನ್ನನ್ನು ನೋಡಿದಳು. "ಇನ್ನೂ ಇದೆಯಾ ಒಳಗೆ?"

"ಇನ್ನೊಂದಿದೆ. ಮಾಗಿಲ್ಲ."

"ತೆಗೀತೀರಾ?"

"ಇಲ್ಲ. ಹೊತ್ತು ಬಂದಾಗ ತಾನೇ ಹೊರಡುತ್ತೆ."

"ತೂತು?"

"ಮುಚ್ಚಿಕೊಳ್ಳುತ್ತೆ. ಮೇಲೆ ಕೂದಲು ಬರುತ್ತೆ. ತೊಗಲನ್ನ ಬೆಳಕಿಗೆ ಹಿಡಿದ್ರೆ ಮಾತ್ರ ಗೊತ್ತಾಗುತ್ತಂತೆ."

ಅವನು ಅವಳ ಕೈ ಹಿಡಿದು, ಸೂಜಿ ಚುಚ್ಚಿ ಚುಚ್ಚಿ ಒರಟಾದ ಆ ಬೆರಳುಗಳನ್ನು ಬಿಡಿಸಿ, ಅಂಗೈಯನ್ನು ಗಂಟಿನ ಮೇಲೆ ಇಟ್ಟ. "ಒತ್ತಬೇಡ. ಸುಮ್ನೆ ಇಟ್ಕೋ."

ಪುಕ್ಕಲಿ ಬೆಚ್ಚಲಿಲ್ಲ. ಹೊರಗೆ ಮೇವಿನಕ್ಕ ಖಾಲಿ ಗಾಡಿಯನ್ನು ಗಡಗಡ ಉರುಳಿಸಿಕೊಂಡು ಹೋದಳು. ಹೆಂಡತಿ ಮುಖ ಬೇರೆ ಕಡೆ ಮಾಡಿ, ದೂರದ ಮಾತಿಗೆ ಕಿವಿ ಕೊಟ್ಟವಳ ಹಾಗೆ ನಿಂತಿದ್ದಳು. ಆಮೇಲೆ ಅವಳ ಉಸಿರು ಒಮ್ಮೆ ನಿಂತಿತು.

"ಅಲ್ಲಾಡ್ತು ರೀ," ಅಂದಳು.

"ಹೂಂ," ಅಂದ.

ಅವಳು ಕೈ ತೆಗೆಯಲಿಲ್ಲ.